ಕೈಲಾಗದ ಗಂಡಂದಿರ ಋಣ

ಕನ್ನಡ ಕಾದಂಬರಿಯಲ್ಲಿ ತನ್ನ ಕಾಲ ಮೇಲೆ ತಾನು ನಿಂತ ಹೆಂಗಸು ಯಾರು ಎಂದು ಕೇಳಿದರೆ ಓದುಗರ ಬಾಯಿಗೆ ಮೊದಲು ಬರುವುದು ‘ಗೃಹಭಂಗ’ದ ನಂಜಮ್ಮ. ಆಮೇಲೆ ‘ಮರಳಿ ಮಣ್ಣಿಗೆ’ಯ ನಾಗವೇಣಿ, ಎಂ.ಕೆ. ಇಂದಿರಾ ಅವರ ಫಣಿಯಮ್ಮ, ಕಾರಂತರ ಮೂಕಜ್ಜಿ. ಈ ಹೆಸರುಗಳ ಪಕ್ಕದಲ್ಲಿ ಅವರವರ ಗಂಡಂದಿರನ್ನೂ ಕೂರಿಸಿ ನೋಡಬೇಕು. ನಂಜಮ್ಮನ ಗಂಡ ಹೊಟ್ಟೆಬಾಕ, ನಾಗವೇಣಿಯ ಗಂಡ ಲಂಪಟ, ಉಳಿದಿಬ್ಬರ ಗಂಡಂದಿರು ಸಂಸಾರ ಶುರುವಾಗುವ ಮೊದಲೇ ತೀರಿಕೊಂಡ ಹುಡುಗರು. ಗಂಡ ಕೆಟ್ಟಷ್ಟೂ, ಇಲ್ಲವಾದಷ್ಟೂ ಹೆಂಡತಿ ಬೆಳೆದಿದ್ದಾಳೆ. ಒಳ್ಳೆಯ ಗಂಡನ ಜೊತೆ ಬಾಳಿ, ಆ ಬಾಳಿನಿಂದಲೇ ಸ್ವತಂತ್ರಳಾದ ಒಬ್ಬಳನ್ನು ನಮ್ಮ ಹೆಸರಾಂತ ಕಾದಂಬರಿಗಳಲ್ಲಿ ಹುಡುಕಿದರೆ ಕೈಗೆ ಹತ್ತುವುದು ತೀರ ಕಡಿಮೆ. ನೂರಿಪ್ಪತ್ತೈದು ವರ್ಷ ದಾಟಿದ ಸಾಹಿತ್ಯ ಪ್ರಕಾರವೊಂದರಲ್ಲಿ ಇದು ಯಾಕೆ ಹೀಗಾಯಿತು?

ಶುರುವಿನಲ್ಲಂತೂ ಮದುವೆಯ ಮೇಲೆ ಭಾರೀ ಭರವಸೆಯಿತ್ತು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಾಲವಿಧವೆಯೊಬ್ಬಳ ಕಥೆ. ಹೆತ್ತವರೇ ಸಂತರ ವೇಷದ ಕಾಮುಕರ ಸೇವೆಗೆ ಅವಳನ್ನು ಒಪ್ಪಿಸಲು ನೋಡುತ್ತಾರೆ. ಅವಳು ಮನೆಬಿಟ್ಟು ಓಡಿ ಅಮೃತರಾಯರ ಆಶ್ರಯ ಸೇರುತ್ತಾಳೆ, ಓದು ಕಲಿಯುತ್ತಾಳೆ, ಕೊನೆಗೆ ಇಂಗ್ಲೆಂಡಿಗೆ ಹೋಗಿ ಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ. ವಿಧವಾ ವಿವಾಹದ ಕಾನೂನು 1856ರಲ್ಲೇ ಬಂದಿತ್ತು. ಆದರೆ ಕಾನೂನಿನ ಪುಸ್ತಕದಲ್ಲಿದ್ದ ಮದುವೆಗೆ ಕನ್ನಡದಲ್ಲಿ ಮೈಕೈ ತುಂಬಿಕೊಟ್ಟದ್ದು ಈ ಕಾದಂಬರಿ. ಪೊಲೀಸ್ ಇಲಾಖೆಯಲ್ಲಿದ್ದ ಲೇಖಕರಿಗೆ ಜನರ ಒಳಹೊರಗು ಗೊತ್ತಿತ್ತು. ಮಠ, ಜಾತಿ, ಲಂಚ ಎಲ್ಲವನ್ನೂ ಹೆಸರಿಟ್ಟು ಬೈದಿದ್ದಾರೆ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇಂದಿರೆಯ ಅತ್ಯಂತ ಧೈರ್ಯದ ಕೆಲಸ, ರಾತ್ರೋರಾತ್ರಿ ಹೊಸಿಲು ದಾಟಿದ್ದು, ಮದುವೆಗೆ ಎಷ್ಟೋ ಮುಂಚೆಯೇ ಮುಗಿದಿರುತ್ತದೆ. ಮದುವೆ ಅವಳಿಗೆ ಸಿಕ್ಕ ಬಹುಮಾನ. ಆ ಮೇಲೆ ಅವಳು ಏನು ಮಾಡಿದಳು, ಭಾಸ್ಕರನ ಮನೆಯಲ್ಲಿ ಅವಳ ಮಾತು ಎಷ್ಟು ನಡೆಯಿತು ಎಂಬುದು ಲೇಖಕರ ಕುತೂಹಲದ ಹೊರಗೇ ಉಳಿಯಿತು. ಸುಧಾರಕರಿಗೆ ಬೇಕಿದ್ದದ್ದು ಎರಡನೆಯ ಮದುವೆ ನಡೆಯಬಹುದೆಂಬ ದೃಷ್ಟಾಂತ, ಮದುವೆಯೊಳಗಿನ ಬದುಕಲ್ಲ. ಮಾಂಗಲ್ಯದ ಹತ್ತಿರ ಬಂದು ನಿಲ್ಲುವ ಈ ಅಭ್ಯಾಸವನ್ನು ಕನ್ನಡ ಕಾದಂಬರಿ ಬಹುಕಾಲ ಬಿಡಲಿಲ್ಲ.

ಹದಿನಾಲ್ಕು ವರ್ಷಗಳ ನಂತರ, 1913ರಲ್ಲಿ, ನಂಜನಗೂಡು ತಿರುಮಲಾಂಬಾ ‘ಸತೀಹಿತೈಷಿಣೀ’ ಗ್ರಂಥಮಾಲೆ ತೆರೆದರು. ಸ್ವತಃ ಬಾಲವಿಧವೆ, ತಂದೆಯ ಬೆಂಬಲದಲ್ಲಿ ಓದಿದವರು, ತಾವೇ ಬರೆದು ತಾವೇ ಪ್ರಕಟಿಸಿದವರು. ಅವರ ‘ಸುಶೀಲೆ’ ಹಾಡಿದ್ದು ಮಾತ್ರ ಪತಿಭಕ್ತಿಯನ್ನು. ಬದುಕಿನಲ್ಲಿ ಗಂಡಿನ ಹಂಗಿಲ್ಲದೆ ಒಂದು ಪ್ರಕಾಶನ ನಡೆಸಿದ ಹೆಂಗಸು ಪುಸ್ತಕದಲ್ಲಿ ಪತಿವ್ರತೆಯ ಹಾದಿ ತೋರಿದ್ದನ್ನು ಕೆಲವರು ಹಿಂಜರಿಕೆ ಎಂದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪತಿವ್ರತೆಯ ಹೆಸರು ಮುಂದಿಟ್ಟಿದ್ದರಿಂದಲೇ ಆ ಪುಸ್ತಕಗಳು ಮನೆಗಳ ಒಳಕೋಣೆಯವರೆಗೆ ಹೋದವು, ಅಲ್ಲಿನ ಹೆಂಗಸರು ಅಕ್ಷರ ಹಿಡಿದರು. ಆದರೂ ಲೆಕ್ಕ ಲೆಕ್ಕವೇ: ಹೊರಗಿನಿಂದ ಗಂಡು ಬರೆದ ಮದುವೆ ಬಿಡುಗಡೆಯಾಗಿತ್ತು, ಒಳಗಿನಿಂದ ಹೆಣ್ಣು ಬರೆದ ಮದುವೆ ತಪಸ್ಸಾಗಿತ್ತು. ಎರಡರಲ್ಲೂ ಅದು ಇಬ್ಬರ ಸಂಸಾರವಾಗಿರಲಿಲ್ಲ.

ಕಾರಂತರು ಇದನ್ನು ಬಹಳ ಬೇಗ ಗುರುತಿಸಿದರು. 1937ರ ‘ಸರಸಮ್ಮನ ಸಮಾಧಿ’ಯಲ್ಲಿ ದಾಂಪತ್ಯದಲ್ಲಿ ಸುಖ ಕಾಣದ ಹೆಂಗಸರು ಮಹಾಸತಿಯೊಬ್ಬಳ ಸಮಾಧಿಗೆ ಹರಕೆ ಹೊರುತ್ತಾರೆ. ಆ ಮಹಾಸತಿಯ ಸಂಸಾರವೇ ಹರಕು. ಅವಳು ಚಿತೆ ಏರಿದ್ದು ಪ್ರೀತಿಯಿಂದಲ್ಲ, ಬದುಕಿನ ಮೇಲಿನ ಜುಗುಪ್ಸೆಯಿಂದ. ಇಂಥ ಕಟು ವ್ಯಂಗ್ಯ ಆ ಕಾಲದ ಕನ್ನಡದಲ್ಲಿ ಇನ್ನೊಂದಿಲ್ಲ. ಕಾದಂಬರಿಯ ಕಟ್ಟಡ ಸ್ವಲ್ಪ ಸಡಿಲ, ಅದನ್ನು ಒಪ್ಪಿಕೊಳ್ಳಬೇಕು. ಪ್ರಶ್ನೆ ಮಾತ್ರ ಬಿಗಿಯಾದದ್ದು.

‘ಮರಳಿ ಮಣ್ಣಿಗೆ’ಯಲ್ಲಿ ಅವರು ಆ ಪ್ರಶ್ನೆಯನ್ನು ಮೂರು ತಲೆಮಾರಿಗೆ ಹರಡಿದರು. ರಾಮ ಐತಾಳರ ಮೊದಲ ಹೆಂಡತಿ ಪಾರೋತಿ ಬಸಿರಾಗಲಿಲ್ಲವೆಂದು ಸವತಿ ಬರುತ್ತಾಳೆ. ವಿಧವೆ ತಂಗಿ ಸರಸೋತಿ ಹಗಲಿರುಳೂ ದುಡಿದು ಆ ಮನೆಯನ್ನು ಹಿಡಿದು ನಿಲ್ಲಿಸುತ್ತಾಳೆ. ಆ ಮನೆಯಲ್ಲಿ ಸಿಡಿದು ಮಾತನಾಡುವ ಧೈರ್ಯವಿದ್ದದ್ದು ಹೆಂಡತಿಗಲ್ಲ, ವಿಧವೆ ತಂಗಿಗೆ. ಮುಂದಿನ ತಲೆಮಾರಿನ ನಾಗವೇಣಿಗೆ ಸಿಕ್ಕ ಲಚ್ಚ ಓದಿದವನು, ಆದರೆ ಕೆಟ್ಟವನು. ಅವನಿಂದ ಅವಳಿಗೆ ಬಂದದ್ದು ರೋಗ, ಮಕ್ಕಳ ಸಾವು, ಆಸ್ತಿಯ ನಾಶ. ಅಷ್ಟೆಲ್ಲದರ ನಡುವೆ ಪಿಟೀಲು ಹಿಡಿದು, ಉಳಿದ ಒಬ್ಬ ಮಗ ರಾಮನನ್ನು ಬೆಳೆಸುವ ನಾಗವೇಣಿ ಕಾರಂತರ ಹೆಣ್ಣುಗಳಲ್ಲೇ ದೊಡ್ಡವಳು. ಪಿಟೀಲು ಅವಳಿಗೆ ಅನ್ನ ಕೊಡುವುದಿಲ್ಲ, ಗಂಡನನ್ನು ತಿದ್ದುವುದೂ ಇಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದ ಕೆಲವೇ ಸಂಗತಿಗಳಲ್ಲಿ ಅದೊಂದು. ಇಡೀ ಕನ್ನಡ ಕಾದಂಬರಿಯಲ್ಲಿ ಹೆಂಡತಿಯೊಬ್ಬಳು ಬರೀ ತನ್ನ ಸಂತೋಷಕ್ಕಾಗಿ ಮಾಡುವ ಕೆಲಸ ಎಷ್ಟು ಅಪರೂಪ ಎಂದು ನೆನೆದಾಗ ಆ ಪಿಟೀಲಿನ ಬೆಲೆ ತಿಳಿಯುತ್ತದೆ.

ಈಗ ನಂಜಮ್ಮ. ಅವಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರದು. ಕಥೆ ನಡೆಯುವುದು ಅದಕ್ಕಿಂತ ಹಲವು ದಶಕ ಹಿಂದಿನ ತಿಪಟೂರು–ಚನ್ನರಾಯಪಟ್ಟಣ ಸೀಮೆಯಲ್ಲಿ. ಕಂಠೀಜೋಯಿಸರ ಮಗಳು ನಂಜಮ್ಮ ರಾಮಸಂದ್ರದ ಶ್ಯಾನುಭೋಗ ಚೆನ್ನಿಗರಾಯನ ಹೆಂಡತಿಯಾಗಿ ಬರುತ್ತಾಳೆ. ಅತ್ತೆ ಗಂಗಮ್ಮ ಬಾಯಿ ತೆರೆದರೆ ಹೊಲಸು ಬೈಗುಳ. ಗಂಡನಿಗೆ ಊಟ, ನಿದ್ದೆ ಬಿಟ್ಟರೆ ಬೇರೆ ಲೋಕವಿಲ್ಲ. ಜಮೀನು ಅಡಮಾನ ಬಿದ್ದು ಕೈಬಿಟ್ಟು ಹೋದ ಮೇಲೆ ಉಳಿದದ್ದು ವಂಶಪಾರಂಪರ್ಯದ ಶ್ಯಾನುಭೋಗಿಕೆ ಒಂದೇ. ಅದರ ಲೆಕ್ಕ ಬರೆಯಲು ಶ್ಯಾನುಭೋಗನಿಗೆ ಬಾರದು. ನಂಜಮ್ಮ ಕಲಿಯುತ್ತಾಳೆ. ಗೆರೆ ಹೊಡೆಯುವುದರಿಂದ ಹಿಡಿದು ಜಮಾಬಂದಿಗೆ ಲೆಕ್ಕ ಸಿದ್ಧಮಾಡುವವರೆಗೆ ಎಲ್ಲವನ್ನೂ ಕಲಿತು, ಸೀಮೆಎಣ್ಣೆ ದೀಪದಲ್ಲಿ ಬರೆಯುತ್ತಾಳೆ. ಬರೆಯುವವಳು ಹೆಂಡತಿ, ಹುದ್ದೆ ಗಂಡನದು. ಸರ್ಕಾರ ಕೊಡುವ ಪೋಟಗಿ ಅವನ ಕೈಗೆ ಬಂದರೆ ಹೋಟೆಲಿನ ತಿಂಡಿಗೆ ಕರಗುತ್ತದೆ. ಅದಕ್ಕೇ ಅವಳು ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಕಾಸಿಗೆ ಕಾಸು ಕೂಡಿಸುತ್ತಾಳೆ.

ಮದುವೆಯೊಳಗಿನ ಹೆಣ್ಣಿನ ಬೆಳವಣಿಗೆಯನ್ನು ಕಸುಬಿನ ಮಟ್ಟದಲ್ಲಿ, ಹಂತಹಂತವಾಗಿ ತೋರಿಸಿದ ಕನ್ನಡ ಕಾದಂಬರಿ ಇದಕ್ಕಿಂತ ಒಳ್ಳೆಯದು ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಭೈರಪ್ಪನವರ ಮುಂದಿನ ಕಾದಂಬರಿಗಳ ಬಗ್ಗೆ ಎಷ್ಟೇ ತಕರಾರಿದ್ದರೂ ನಂಜಮ್ಮನ ಬಗ್ಗೆ ತಕರಾರಿರುವ ಓದುಗ ಸಿಗುವುದು ಕಷ್ಟ. ಅವಳು ಮಾತು ಕಲಿಯುವುದು, ಪಟೇಲನ ಎದುರು ನಿಲ್ಲುವುದು, ಅಮಲ್ದಾರನ ಕಚೇರಿಯ ರೀತಿನೀತಿ ಅರ್ಥಮಾಡಿಕೊಳ್ಳುವುದು ಯಾವುದೂ ಭಾಷಣದಿಂದ ಬಂದದ್ದಲ್ಲ, ಲೆಕ್ಕದ ಪುಸ್ತಕದಿಂದ ಬಂದದ್ದು.

ಆದರೆ ನಮ್ಮ ಓದುಗರು ನಂಜಮ್ಮನನ್ನು ಇಷ್ಟು ಪ್ರೀತಿಸುವುದು ಯಾಕೆ? ಅವಳು ಸ್ವಾತಂತ್ರ್ಯವನ್ನು ಬಯಸಿದವಳಲ್ಲ. ಮಕ್ಕಳ ಹೊಟ್ಟೆಗಾಗಿ, ಬೇರೆ ದಾರಿಯಿಲ್ಲದೆ, ಅದು ಅವಳ ಕೊರಳಿಗೆ ಬಿತ್ತು. ಚೆನ್ನಿಗರಾಯ ಅವಳ ಪಾಲಿಗೆ ಶನಿ ಮಾತ್ರವಲ್ಲ, ಒಂದು ಪರವಾನಗಿಯೂ ಹೌದು. ಗಂಡ ಕೈಲಾಗದವನಾದ್ದರಿಂದ ಹೆಂಡತಿ ಕಚೇರಿ ಲೆಕ್ಕ ಬರೆದರೆ ಊರು ಒಪ್ಪುತ್ತದೆ, ಓದುಗರೂ ಒಪ್ಪುತ್ತಾರೆ. ಚೆನ್ನಿಗರಾಯ ಜಾಣನಾಗಿದ್ದು, ನಂಜಮ್ಮನಿಗೆ ಬರೀ ಆಸೆಯಿಂದ ಲೆಕ್ಕ ಕಲಿಯಬೇಕೆನ್ನಿಸಿದ್ದರೆ? ಆ ಕಾದಂಬರಿಯನ್ನು ಯಾರೂ ಬರೆಯಲಿಲ್ಲ.

ಬರೆದರು ಎನ್ನಬಹುದೇನೋ. ಅದೇ ಭೈರಪ್ಪನವರು, ಐದು ವರ್ಷ ಮೊದಲು, 1965ರ ‘ವಂಶವೃಕ್ಷ’ದಲ್ಲಿ. ಕಾತ್ಯಾಯಿನಿಗೆ ಬಡತನವಿಲ್ಲ, ಮಾವ ಶ್ರೀನಿವಾಸ ಶ್ರೋತ್ರಿಯರು ದೇವರಂಥ ಮನುಷ್ಯ. ಗಂಡ ಕಪಿಲೆಯಲ್ಲಿ ಮುಳುಗಿ ಸತ್ತಮೇಲೆ ಅವಳು ನಂಜನಗೂಡಿನಿಂದ ಮೈಸೂರಿಗೆ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ರಾಜಾರಾಯನ ಪರಿಚಯ, ಪ್ರೀತಿ, ಮದುವೆ. ರಾಜ ಒಳ್ಳೆಯ ಗಂಡ, ಓದಿದವನು, ಹೆಂಡತಿಯನ್ನು ಸರಿಸಮ ಎಂದು ಕಾಣುವವನು. ಅಂದರೆ ಕನ್ನಡ ಕಾದಂಬರಿಯಲ್ಲಿ ಅಪರೂಪಕ್ಕೆ ನಮಗೆ ಬೇಕಾದ ಸನ್ನಿವೇಶ ಕೂಡಿಬಂದಿದೆ: ಬಯಸಿ ಆದ ಮದುವೆ, ಯೋಗ್ಯನಾದ ಗಂಡ, ಕೈಯಲ್ಲಿ ಓದು. ಕಾದಂಬರಿ ಇಂಥ ಕಾತ್ಯಾಯಿನಿಗೆ ಕೊಟ್ಟದ್ದೇನು? ಮಗ ಶ್ರೋತ್ರಿಯರ ಮನೆಯಲ್ಲೇ ಉಳಿಯುತ್ತಾನೆ, ಯಾಕೆಂದರೆ ಅವನು ಆ ವಂಶದವನು. ಹೊಸ ಮನೆಯಲ್ಲಿ ಮೇಲಿಂದ ಮೇಲೆ ಗರ್ಭಪಾತ. ಪಾಪಪ್ರಜ್ಞೆ ಒಳಗಿನಿಂದ ತಿನ್ನುತ್ತದೆ. ಕೊನೆಗೆ ಸಾವು.

ನಂಜಮ್ಮನೂ ಸಾಯುತ್ತಾಳೆ, ಪ್ಲೇಗಿನಲ್ಲಿ. ಅದು ವಿಧಿ, ಅದರ ಹೊಣೆ ಅವಳ ಮೇಲಿಲ್ಲ. ಕಾತ್ಯಾಯಿನಿಯ ಸಾವಿನಲ್ಲಿ ಒಂದು ತೀರ್ಪಿನ ವಾಸನೆ ಇದೆ. ಹೊಟ್ಟೆಪಾಡಿಗಾಗಿ ಹೊಸಿಲು ದಾಟಿದವಳನ್ನು ಪೂಜಿಸುವುದು, ಆಸೆಪಟ್ಟು ದಾಟಿದವಳನ್ನು ದಂಡಿಸುವುದು: ಒಬ್ಬನೇ ಲೇಖಕ ಐದು ವರ್ಷದಲ್ಲಿ ಕೊಟ್ಟ ಈ ಎರಡು ಉತ್ತರಗಳಲ್ಲಿ ಒಂದು ಸಮಾಜದ ಮನಸ್ಸು ಪೂರ್ತಿ ಕಾಣುತ್ತದೆ. ಭೈರಪ್ಪನವರಿಗೆ ಅನ್ಯಾಯವಾಗದಂತೆ ಒಂದು ಮಾತು ಸೇರಿಸಬೇಕು. ಶ್ರೋತ್ರಿಯರು ತಮ್ಮ ಹುಟ್ಟಿನ ಗುಟ್ಟನ್ನು ಹಳೆಯ ಕಾಗದಗಳಲ್ಲಿ ಕಂಡು ತತ್ತರಿಸುವ ಭಾಗ ಅದೇ ಕಾದಂಬರಿಯಲ್ಲಿದೆ. ಯಾವ ವಂಶಕ್ಕಾಗಿ ಕಾತ್ಯಾಯಿನಿ ಮಗನನ್ನು ಬಿಟ್ಟಳೋ ಆ ವಂಶವೇ ಪೊಳ್ಳು ಎಂದು ತೋರಿಸಿದವರೂ ಅವರೇ. ಆದರೆ ಆ ತಿಳಿವಳಿಕೆ ಬರುವುದು ಮಾವನಿಗೆ. ಸೊಸೆಗೆ ಅದರಿಂದ ಆದ ಉಪಕಾರ ಏನೂ ಇಲ್ಲ.

ಅದೇ 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಇದರ ಪಕ್ಕ ಇಟ್ಟು ಓದಿದರೆ ತಮಾಷೆಯಾಗಿದೆ. ನಾರಣಪ್ಪನ ಹೆಣದ ಮುಂದೆ ಅಗ್ರಹಾರದ ಗಂಡಸರೆಲ್ಲ ಶಾಸ್ತ್ರ ಹುಡುಕುತ್ತ ಕೂತಿದ್ದಾಗ, ರಾತ್ರೋರಾತ್ರಿ ಅಹಮದ್ ಬ್ಯಾರಿಯ ಸಹಾಯದಿಂದ ಹೆಣ ಸುಟ್ಟು ತನ್ನ ದಾರಿ ಹಿಡಿದವಳು ಅವನ ಜೊತೆ ಬಾಳಿದ್ದ ಚಂದ್ರಿ. ಅಗ್ರಹಾರದ ಹೆಂಡತಿಯರಿಗೆ ಗಂಡನಿಗೆ ಕುಮ್ಮಕ್ಕು ಕೊಡುವುದರಾಚೆ ಕೆಲಸವಿಲ್ಲ. ತಾಳಿಯಿಲ್ಲದವಳಿಗೆ ಮಾತ್ರ ಒಂದು ನಿರ್ಧಾರ ತೆಗೆದುಕೊಳ್ಳಲು ಲೇಖಕರು ಅವಕಾಶ ಕೊಟ್ಟರು.

ವಿಧವೆಯರ ಮಾತೂ ಬಹುಪಾಲು ಇದೇ. 1840ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ ಫಣಿಯಮ್ಮ ಎಂ.ಕೆ. ಇಂದಿರಾ ಅವರ ಮನೆತನದ ಅಜ್ಜಿ. 1976ರಲ್ಲಿ ಅವಳ ಕಥೆ ಪುಸ್ತಕವಾಯಿತು. ಎಂಟೊಂಬತ್ತು ವರ್ಷಕ್ಕೆ ಮದುವೆ, ಹಾವು ಕಚ್ಚಿ ಹುಡುಗ ಗಂಡನ ಸಾವು, ದೊಡ್ಡವಳಾದ ಕೂಡಲೇ ತಲೆ ಬೋಳು. ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿದ್ದು 1894ರಲ್ಲಿ, ಅಷ್ಟು ಹೊತ್ತಿಗೆ ಫಣಿಯಮ್ಮನಿಗೆ 54. ಜಾತಿ ನೋಡದೆ ಹೆರಿಗೆ ಮಾಡಿಸುವ, ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದ ದಾಕ್ಷಾಯಿಣಿಯ ಪರ ನಿಲ್ಲುವ ಫಣಿಯಮ್ಮನ ಹಿರಿತನ ನಿಜವಾದದ್ದು. ಮೂಕಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ದೇವರಿಂದ ಹಿಡಿದು ಕಾಮದವರೆಗೆ ಅವಳು ಆಡದ ಮಾತಿಲ್ಲ, ಗಂಡನ ಮನೆ ಬಿಟ್ಟ ನಾಗಿಯನ್ನು ಅವಳು ಹಳಿಯುವುದೂ ಇಲ್ಲ. ಆದರೆ ಇಬ್ಬರ ಸ್ವಾತಂತ್ರ್ಯಕ್ಕೂ ಒಂದೇ ಷರತ್ತು: ದಾಂಪತ್ಯದ ರುಚಿ ಅವರಿಗೆ ಗೊತ್ತಿರಬಾರದು.

ಅರವತ್ತರ ದಶಕದಲ್ಲಿ ಇದನ್ನೆಲ್ಲ ಬೇರೆ ಕಡೆಯಿಂದ ಹಿಡಿದವರು ತ್ರಿವೇಣಿ. ‘ಶರಪಂಜರ’ದ ಕಾವೇರಿಗೆ ಒಳ್ಳೆಯ ಮನೆ, ಪ್ರೀತಿಸುವ ಗಂಡ ಸತೀಶ, ಮಕ್ಕಳು. ಬಾಣಂತನದಲ್ಲಿ ಮನಸ್ಸು ಕದಡುತ್ತದೆ. ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆ, ಬೀದಿ, ಗಂಡ ಯಾರೂ ಹುಚ್ಚಿಯಲ್ಲ ಎಂದು ನಂಬಲು ತಯಾರಿಲ್ಲ. ರೋಗವಲ್ಲ, ಗುಣವಾದ ಹೆಂಡತಿಯನ್ನು ಒಪ್ಪದ ಮನೆಯೇ ಅವಳನ್ನು ಮತ್ತೆ ಹುಚ್ಚಿಗೆ ತಳ್ಳುತ್ತದೆ. ಸತೀಶ ದುಷ್ಟನಲ್ಲ ಎಂಬುದೇ ಈ ಕಾದಂಬರಿಯ ಬಲ. ಒಳ್ಳೆಯತನ ಎಲ್ಲಿಯವರೆಗೆ ಬಾಳುತ್ತದೆ ಎಂದು ತ್ರಿವೇಣಿ ಅಳೆದಿದ್ದಾರೆ: ಹೆಂಡತಿ ನಾವು ಅಂದುಕೊಂಡಂತೆ ಇರುವವರೆಗೆ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದು ದಾಟದ ವಯಸ್ಸಿನಲ್ಲಿ ಅವರು ತೀರಿಕೊಂಡದ್ದು ಕನ್ನಡಕ್ಕೆ ಆದ ದೊಡ್ಡ ನಷ್ಟ. ಅವರ ‘ಬೆಳ್ಳಿಮೋಡ’ದ ಇಂದಿರೆ, ಆಸ್ತಿಗೆ ವಾರಸುದಾರ ಹುಟ್ಟಿದ ಮೇಲೆ ತನ್ನನ್ನು ಬೇಡವೆಂದ ಮೋಹನನನ್ನು ಕಾಲು ಮುರಿದಾಗ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಾಯಿಸಿ ಮದುವೆಯ ಮಾತೆತ್ತಿದಾಗ ಒಲ್ಲೆ ಎನ್ನುತ್ತಾಳೆ. ಇದನ್ನು 1967ರಲ್ಲಿ ಸಿನಿಮಾ ಆಗಿ ನೋಡಿದ ತಲೆಮಾರಿನ ಹೆಂಗಸರು ಆ ನಿರಾಕರಣೆಯನ್ನು ಇಂದಿಗೂ ನೆನೆಯುತ್ತಾರೆ. ಅನುಪಮಾ ನಿರಂಜನರ ‘ಮಾಧವಿ’ಯೂ ಇದೇ ಸಾಲಿನದು. ಎಂಟುನೂರು ಕುದುರೆಗಾಗಿ ರಾಜರಿಂದ ರಾಜರಿಗೆ ಕೈಬದಲಾದ ಯಯಾತಿಯ ಮಗಳು ಕೊನೆಗೆ ಸ್ವಯಂವರವನ್ನೇ ಬಿಟ್ಟು ಕಾಡಿಗೆ ನಡೆಯುತ್ತಾಳೆ. ‘ಇಲ್ಲ’ ಎನ್ನುವುದರಲ್ಲಿ ಹೆಣ್ಣು ದೊಡ್ಡವಳಾದ ಚಿತ್ರಗಳು ಇವು. ‘ಹೌದು’ ಎಂದವಳ ಪಾಡು ಮಾತ್ರ ಬೇರೆ.

ಹೌದೆಂದವರಲ್ಲಿ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಚಿನ್ನಮ್ಮನನ್ನು ಮರೆಯುವಂತಿಲ್ಲ. ಧಾರೆಗೆ ಮುನ್ನ, ಪೀಂಚಲು ಎಂಬ ಗೆಳತಿಯ ಜೊತೆ ರಾತ್ರಿಯ ಕಾಡಿನಲ್ಲಿ ಹುಲಿಕಲ್ಲು ನೆತ್ತಿ ಏರಿ, ಒಲಿದ ಮುಕುಂದಯ್ಯನನ್ನು ಸೇರುವ ಆ ಹುಡುಗಿಯ ನಡಿಗೆ ಕುವೆಂಪು ಬರೆದ ಅತ್ಯುತ್ತಮ ಪುಟಗಳಲ್ಲಿ ಸೇರುತ್ತದೆ. ಜೀತದ ಗುತ್ತಿಯ ಜೊತೆ ಓಡಿಹೋಗುವ ತಿಮ್ಮಿಗೂ ಅಷ್ಟೇ ಗೌರವ ಸಿಕ್ಕಿದೆ. ಮದುವೆ ಇಲ್ಲಿ ಶಿಕ್ಷೆಯಲ್ಲ, ತಪಸ್ಸಲ್ಲ, ಬಹುಮಾನವೂ ಅಲ್ಲ. ಬೇಕೆಂದು ನಡೆದು ತಲುಪಿದ ಜಾಗ. ಆದರೆ ಇಷ್ಟು ದೊಡ್ಡ ಕಾದಂಬರಿಯೂ ಚಿನ್ನಮ್ಮ ಸಂಸಾರದಲ್ಲಿ ಹೇಗೆ ಬೆಳೆದಳು ಎಂದು ಹೇಳಲು ಹೋಗುವುದಿಲ್ಲ. 1899ರ ಅಭ್ಯಾಸ 1967ರಲ್ಲೂ ಉಳಿದಿತ್ತು.

ಒಳ್ಳೆಯ ಗಂಡನಿದ್ದೂ ಸಾಲದಾದ ಕಥೆಯೊಂದಿದೆ, ಅದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗಲೇ ಸದ್ದುಮಾಡಿದ ಕೃತಿ. ಕಾಸರಗೋಡು ಸೀಮೆಯ ನಾದಿರಾ, ರಶೀದ್ ಚೆನ್ನಾಗಿಯೇ ಇದ್ದವರು. ಕೇಳಿದ ಹಣವನ್ನು ರಶೀದ್ ಕೊಡಲಿಲ್ಲವೆಂದು ನಾದಿರಾಳ ತಂದೆ ಮಹಮದ್ ಖಾನ್ ಮಗಳನ್ನು ಮನೆಯಲ್ಲೇ ಇರಿಸಿಕೊಂಡು ತಲಾಖ್ ಕೊಡಿಸುತ್ತಾನೆ. ಮತ್ತೆ ಒಂದಾಗಬೇಕೆಂದರೆ ಅವಳು ನಡುವೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಿರಬೇಕು ಎನ್ನುತ್ತದೆ ಜಮಾತಿನ ನಿಯಮ. ನಾದಿರಾ ಮಸೀದಿಯ ಕೊಳ ಸೇರುತ್ತಾಳೆ. ಮುಸ್ಲಿಂ ಹೆಂಗಸರು ಕೋರ್ಟಿನಲ್ಲಿ ವಿಚ್ಛೇದನ ಕೇಳುವ ಹಕ್ಕು 1939ರ ಕಾನೂನಿನಲ್ಲೇ ಇತ್ತು. ನಾದಿರಾಳಿಗೆ ಬೇಕಿದ್ದದ್ದು ಬಿಡುಗಡೆಯಲ್ಲ, ಪ್ರೀತಿಸಿದ ಗಂಡನ ಜೊತೆಗಿನ ಬಾಳು. ಇಬ್ಬರು ಬೇಕೆಂದುಕೊಂಡರೂ ಮದುವೆ ಆ ಇಬ್ಬರದಾಗಿರುವುದಿಲ್ಲ ಎಂದು ಇಷ್ಟು ನೇರವಾಗಿ ಹೇಳಿದವರು ಸಾರಾ.

ಧಾರಾವಾಹಿ ಕಾದಂಬರಿಗಳ ಲೋಕವನ್ನು ಪೂರ್ತಿ ಬಿಟ್ಟರೆ ತಪ್ಪಾಗುತ್ತದೆ. ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಲ್ಲಿ ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಮೊದಲಾದವರ ಪುಸ್ತಕಗಳಲ್ಲಿ ಒಳ್ಳೆಯ ಗಂಡಂದಿರಿಗೆ ಬರವಿರಲಿಲ್ಲ, ಕೆಲಸಕ್ಕೆ ಹೋಗುವ ಹೆಂಡತಿಯರಿಗೂ ಇರಲಿಲ್ಲ. ಆ ಬಗೆಯ ಬಹುಪಾಲು ಕಥೆಗಳಲ್ಲಿ ಗಂಡನ ಒಳ್ಳೆಯತನವೇ ಎಲ್ಲ ಸಮಸ್ಯೆಯನ್ನೂ ಬಗೆಹರಿಸಿಬಿಡುತ್ತಿತ್ತು, ಹೆಂಡತಿ ಮಾಡಬೇಕಾದದ್ದೇನೂ ಉಳಿಯುತ್ತಿರಲಿಲ್ಲ. ವಿಮರ್ಶಕರು ಆ ರಾಶಿಯನ್ನು ಓದದೆಯೇ ಬದಿಗಿಟ್ಟರು. ಕುಳಿತು ಜರಡಿ ಹಿಡಿಯುವ ಸಂಶೋಧಕರು ಬೇಕಾಗಿದ್ದಾರೆ.

ಈಚಿನ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಗಂಡ ದುಷ್ಟನೂ ಅಲ್ಲ, ಸಮರ್ಥನೂ ಅಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಿನಲ್ಲಿ ಬದುಕುವ ಸೋಮಾರಿ. ಹೆಂಡತಿ ಅನಿತಾ ಆ ಮನೆಯ ಒಳಗಿನ ಕ್ರೌರ್ಯವನ್ನು ಬಾಯಿಬಿಟ್ಟು ಪ್ರಶ್ನಿಸುವ ಒಬ್ಬಳೇ ಮನುಷ್ಯಳು. ಕಥೆ ಮುಗಿಯುವ ಹೊತ್ತಿಗೆ ಅವಳಿಗೆ ಏನಾಯಿತೋ ಎಂಬ ದಿಗಿಲು ಓದುಗರದು. ಕಥೆ ಹೇಳುವವನು ಗಂಡ, ಅನಿತಾ ನಮಗೆ ಸಿಗುವುದು ಅವನ ಕಣ್ಣಿನಲ್ಲಿ ಮಾತ್ರ. ಗಂಡ ಕೈಲಾಗದವನಾದರೂ ಈ ಸಲ ಹೆಂಡತಿ ಬೆಳೆಯಲಿಲ್ಲ. ಪರವಾನಗಿ ಕೊಡುತ್ತಿದ್ದ ಬಡತನ ಹೋಗಿತ್ತು.

ಇದಕ್ಕೆಲ್ಲ ಸಿದ್ಧ ಉತ್ತರವೊಂದಿದೆ: ಕಾದಂಬರಿಗೆ ಸಂಘರ್ಷ ಬೇಕು, ಸುಖಸಂಸಾರದಲ್ಲಿ ಕಥೆಯಿಲ್ಲ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಇಬ್ಬರು ಒಳ್ಳೆಯವರು ಒಂದೇ ಮನೆಯಲ್ಲಿ ತಮ್ಮ ತಮ್ಮ ಆಸೆ ಹಿಡಿದು ಬದುಕಿದರೆ ಅಲ್ಲಿ ಜಗಳಕ್ಕೇನು ಕಡಿಮೆ? ಯಾರ ವರ್ಗಾವಣೆಗೆ ಯಾರು ಊರು ಬಿಡಬೇಕು, ಯಾರ ಸಂಬಳ ಯಾರ ಖಾತೆಗೆ, ಮಗು ಈಗ ಬೇಕೋ ಆಮೇಲೋ, ತವರಿನ ಆಸ್ತಿಯ ಪಾಲು ಕೇಳಬೇಕೋ ಬೇಡವೋ ಎಂಬುದಕ್ಕೆಲ್ಲ ಕಾಮುಕ ಗಂಡನಾಗಲಿ ಪ್ಲೇಗಾಗಲಿ ಬೇಕಿಲ್ಲ. ನಮ್ಮ ಸಣ್ಣಕಥೆಗಳು, ಮುಖ್ಯವಾಗಿ ಹೆಂಗಸರು ಬರೆದವು, ಈ ನೆಲಕ್ಕೆ ಎಂದೋ ಇಳಿದಿವೆ. ಕಾದಂಬರಿಯೇ ಹಿಂದೆ ಬಿದ್ದದ್ದು.

ಕೊರತೆ ಕಥೆಯದಲ್ಲ, ಕ್ಷಮೆಯದು. ಹೆಣ್ಣಿನ ಸ್ವಾತಂತ್ರ್ಯಕ್ಕೆ ಒಂದು ಕಾರಣ ಬೇಕೇ ಬೇಕು ಎಂದು ನಾವು ಕೇಳುತ್ತ ಬಂದಿದ್ದೇವೆ, ಕಾದಂಬರಿಕಾರರು ಗಂಡನನ್ನು ಕೆಡಿಸಿ ಆ ಕಾರಣ ಒದಗಿಸುತ್ತ ಬಂದಿದ್ದಾರೆ. ಈಗ ಬರೆಯುತ್ತಿರುವವರಲ್ಲಿ ಒಂದು ಬಿನ್ನಹ. ಮುಂದಿನ ಕಾದಂಬರಿಯಲ್ಲಿ ಗಂಡನನ್ನು ದಯವಿಟ್ಟು ಬದುಕಿರಲು ಬಿಡಿ, ಅವನನ್ನು ಮನುಷ್ಯನಾಗಿಯೂ ಇರಲು ಬಿಡಿ. ಅವಳು ಬರೀ ಬೇಕೆನ್ನಿಸಿದ್ದಕ್ಕೆ ಲೆಕ್ಕದ ಪುಸ್ತಕ ತೆಗೆದು ಕೂರಲಿ. ಅಂಥ ಕಾದಂಬರಿ ಈಗಾಗಲೇ ಬಂದಿದ್ದು ನನ್ನ ಕಣ್ತಪ್ಪಿದ್ದರೆ, ಓದಿದವರು ಹೆಸರು ತಿಳಿಸಿ.